ಹೊನ್ನಿಗೆ ಕಲಿಸಿದ ಒಂದು ಪದ

ಸಂಡಿಗೆ ಒಣಗಿಸುವುದಕ್ಕೆ ಅರಿಜೋನಾದಂಥ ಬಿಸಿಲನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಅರಸೀಕೆರೆಯಲ್ಲಿ ಮೂರು ದಿನ ಹಿಡಿಯುವ ಅಕ್ಕಿ ಸಂಡಿಗೆ ಅಲ್ಲಿ ಒಂದೂವರೆ ದಿನಕ್ಕೆ ಗರಿಗರಿಯಾಗುತ್ತದೆ. 2018ರ ಏಪ್ರಿಲ್‌ನಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿರುವ ಮಗನ ಮನೆಗೆ ಮೊದಲ ಸಲ ಹೋದಾಗ, ಆ ಬಿಸಿಲನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. ಹಿತ್ತಲಲ್ಲಿ ಈಜುಕೊಳದ ಸುತ್ತ ಕಲ್ಲು ಹಾಸಿದ ಅಗಲವಾದ ಜಾಗವಿತ್ತು. ಮರದ ನೆರಳು ಬೀಳದ ಜಾಗ ಅದೊಂದೇ. ಊರಿಂದ ತಂದಿದ್ದ ಹಳೇ ಪಂಚೆ ಹಾಸಿ ಅಲ್ಲೇ ಸಂಡಿಗೆ ಇಟ್ಟೆ.

ಫೀನಿಕ್ಸ್‌ನಲ್ಲಿ ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದರೆ, ಬೂದು ಬಣ್ಣದ ಮರುಭೂಮಿಯ ನಡುವೆ ಮನೆಗೊಂದರಂತೆ ನೀಲಿ ಚುಕ್ಕೆಗಳು ಕಾಣುತ್ತವೆ. ಅವೆಲ್ಲ ಈಜುಕೊಳಗಳು. ಮಗನ ಮನೆಯದು ಗೋಡಂಬಿ ಬೀಜದ ಆಕಾರದ್ದು. ಒಂದು ತುದಿಯಲ್ಲಿ ಮೊಣಕಾಲಿನವರೆಗೆ ನೀರು, ಅಲ್ಲಿ ನಾಲ್ಕು ಮೆಟ್ಟಿಲು. ಇನ್ನೊಂದು ತುದಿ ಎಂಟು ಅಡಿ ಆಳ. ಕೊಳದ ಸುತ್ತ ಕಬ್ಬಿಣದ ಸರಳಿನ ಬೇಲಿ. ಆ ರಾಜ್ಯದಲ್ಲಿ ಆರು ವರ್ಷದೊಳಗಿನ ಮಗುವಿರುವ ಮನೆಯ ಕೊಳಕ್ಕೆ ಕನಿಷ್ಠ 5 ಅಡಿ ಎತ್ತರದ ಬೇಲಿ ಇರಬೇಕೆಂಬ ಕಾನೂನಿದೆ. ಗೇಟು ತಾನಾಗಿ ಮುಚ್ಚಿಕೊಳ್ಳಬೇಕು, ಚಿಲಕ ತಾನಾಗಿ ಬೀಳಬೇಕು, ಆ ಚಿಲಕ ನೆಲದಿಂದ 54 ಅಂಗುಲ ಮೇಲಿರಬೇಕು. ಮೊಮ್ಮಗನಿಗೆ ಆಗ ನಾಲ್ಕು ವರ್ಷ. ಮಗ ಎಲ್ಲವನ್ನೂ ನಿಯಮದಂತೆಯೇ ಮಾಡಿಸಿದ್ದ.

ನನಗೆ ಆ ಗೇಟು ಕಿರಿಕಿರಿಯಾಗಿತ್ತು. ಎರಡು ಕೈಯಲ್ಲೂ ತಟ್ಟೆ ಹಿಡಿದು ಹೋದರೆ ಬೆನ್ನ ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು. ಪ್ರತಿ ಸಲ ತಟ್ಟೆ ಕೆಳಗಿಟ್ಟು ಎದೆಯೆತ್ತರದ ಚಿಲಕ ಎಳೆಯಬೇಕು. ಎರಡನೆಯ ದಿನ ಸಂಜೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗೇಟಿಗೆ ಅಡ್ಡ ಇಟ್ಟೆ.

ಮನೆಯಲ್ಲಿ ಹೊನ್ನಿ ಇದ್ದಳು. ಹೊಂಬಣ್ಣದ ಲ್ಯಾಬ್ರಡಾರ್, ಆಗ ಹನ್ನೆರಡು ವರ್ಷ. ಮಗ ಮದುವೆಗೆ ಮೊದಲೇ ಸಾಕಿದ್ದ ನಾಯಿ. ಎರಡೂ ಕಣ್ಣಿಗೆ ಪೊರೆ ಬಂದು ನೀಲಿ ಹೊಗೆ ತುಂಬಿದಂತೆ ಕಾಣುತ್ತಿತ್ತು. ಹಿಂಗಾಲಿನ ಕೀಲು ಬಿಗಿದಿತ್ತು, ಎದ್ದು ನಿಲ್ಲಲು ಎರಡು ಸಲ ಪ್ರಯತ್ನ ಪಡುತ್ತಿದ್ದಳು. ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ. ಬಂದ ವಾರದಲ್ಲೇ ನನ್ನ ಸೀರೆಯ ಸಪ್ಪಳ ಗುರುತು ಹಿಡಿದು, ನಾನು ಎಲ್ಲಿ ಹೋದರೂ ಹಿಂದೆ ಬರುತ್ತಿದ್ದಳು. ಕೊಳದ ವಿಷಯಕ್ಕೆ ಅವಳ ಬಗ್ಗೆ ಯಾರಿಗೂ ಆತಂಕ ಇರಲಿಲ್ಲ. "ಲ್ಯಾಬ್ ಅಂದ್ರೆ ನೀರಿನ ನಾಯೀನೇ ಅಮ್ಮ" ಎಂದು ಮಗ ಹೇಳಿದ್ದ. ನ್ಯೂಫೌಂಡ್‌ಲ್ಯಾಂಡಿನ ಬೆಸ್ತರು ಬಲೆ ಎಳೆಯಲು ಸಾಕುತ್ತಿದ್ದ ನಾಯಿಗಳ ಸಂತತಿಯಂತೆ. ಬೆರಳುಗಳ ನಡುವೆ ಬಾತುಕೋಳಿಯ ಹಾಗೆ ಚರ್ಮ ಇರುವುದನ್ನು ಅವಳ ಪಾದ ಬಿಡಿಸಿ ತೋರಿಸಿದ್ದ.

ಕುರ್ಚಿ ಇಟ್ಟ ಆ ಸಂಜೆ ಒಣಗಿದ ಸಂಡಿಗೆಯ ಮೊದಲ ತಟ್ಟೆ ಒಳಗಿಟ್ಟು ಬಂದೆ. ಎರಡನೆಯ ತಟ್ಟೆ ಇಡುವಾಗ ಒಲೆಯ ಮೇಲಿದ್ದ ಹಾಲು ನೆನಪಾಯಿತು. ಅದು ಉಕ್ಕಿ ಬರುವವರೆಗೆ ನಿಂತು, ಆರಿಸಿ, ಮತ್ತೆ ಹೊರಗೆ ಬಂದೆ. ಅಷ್ಟೇ ಹೊತ್ತು. ಹೊರಗೆ ಬಂದಾಗ ಬೊಗಳಿದ ಸದ್ದಿಲ್ಲ, ನೀರು ಬಡಿಯುವ ಸದ್ದೂ ಇಲ್ಲ. ಹೆಂಚಿನ ಮೇಲೆ ಯಾರೋ ಮೊಳೆಯಿಂದ ಕೆರೆದಂತೆ ಕರಕರ ಎನ್ನುವ ಸಣ್ಣ ಶಬ್ದ ಬರುತ್ತಿತ್ತು. ಅದು ಹೊನ್ನಿಯ ಉಗುರು.

ಆಳದ ಕಡೆ ಬಿದ್ದಿದ್ದಳು. ಮುಂಗಾಲೆರಡನ್ನೂ ಕೊಳದ ಅಂಚಿಗೆ ಹಾಕಲು ನೋಡುತ್ತಿದ್ದಳು. ನೀರಿನಿಂದ ಅಂಚು ಅರ್ಧ ಗೇಣು ಮೇಲಿತ್ತು, ಅಷ್ಟೇ. ಕಾಲು ಅಂಚಿಗೆ ತಾಗುವುದು, ನುಣುಪು ಹೆಂಚಿನ ಮೇಲೆ ಜಾರುವುದು, ಮೂಗು ಮುಳುಗುವುದು, ಮತ್ತೆ ಮೇಲೆ ಬರುವುದು. ನಾನು ಓಡಿಹೋಗಿ ಅವಳೆದುರಿಗೇ ಕೂತು "ಹೊನ್ನೀ, ಬಾ, ಬಾ" ಎಂದು ಕೂಗಿದೆ. ಕೊರಳಪಟ್ಟಿ ಹಿಡಿದೆಳೆದೆ. ಮೂವತ್ತು ಕಿಲೋ ತೂಕದ ನಾಯಿ, ಅದರ ಮೇಲೆ ನೆನೆದ ಕೂದಲಿನ ಭಾರ. ನನ್ನ ಕೈಲಿ ಆಗಲಿಲ್ಲ. ನನಗೆ ಈಜು ಬರದು. ನಾನು ಕೂಗಿದಷ್ಟೂ ಅವಳು ನನ್ನ ಕಡೆಗೇ ಬರಲು ಗೋಡೆಯನ್ನು ಇನ್ನೂ ಜೋರಾಗಿ ಕೆರೆದಳು. ಅವಳನ್ನು ಗೋಡೆಗೆ ಕಟ್ಟಿಹಾಕಿರುವುದು ನನ್ನ ದನಿಯೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅವಳ ಬೆನ್ನ ಹಿಂದೆ, ಇಪ್ಪತ್ತು ಅಡಿ ದೂರದಲ್ಲಿ ಮೆಟ್ಟಿಲುಗಳಿದ್ದವು. ಈಜಿದರೆ ಅರ್ಧ ನಿಮಿಷದ ದಾರಿ. ನಾನು ಎದ್ದು ಆ ಕಡೆಗೆ ಓಡಿದೆ. ಸೀರೆ ಎತ್ತಿ ಕಟ್ಟಿ ಎರಡನೆಯ ಮೆಟ್ಟಿಲ ಮೇಲೆ ನೀರಿಗಿಳಿದು, ಚಪ್ಪಾಳೆ ತಟ್ಟುತ್ತ ಕೂಗಿದೆ. ಕಣ್ಣು ಕಾಣದಿದ್ದರೂ ಕಿವಿ ಚುರುಕಾಗಿತ್ತು. ತಲೆ ತಿರುಗಿಸಿದಳು. ಒಂದು ಗಳಿಗೆ ಎರಡೂ ಕಡೆಗೆ ಹೊರಳಾಡಿ, ಆಮೇಲೆ ಗೋಡೆ ಬಿಟ್ಟು ನನ್ನತ್ತ ಈಜಿದಳು. ಈಜಿದ್ದೇನೋ ಚೆನ್ನಾಗಿಯೇ ಈಜಿದಳು. ಮೆಟ್ಟಿಲು ಕಾಲಿಗೆ ಸಿಕ್ಕ ಕೂಡಲೇ ನನ್ನ ಮೊಣಕಾಲಿಗೆ ತಲೆಯಿಟ್ಟು ನಿಂತುಬಿಟ್ಟಳು. ಅವಳ ಮೈ ನಡುಗುತ್ತಿತ್ತು, ಉಗುರಿನ ತುದಿಯಲ್ಲಿ ರಕ್ತ.

ಮಗ ಕೆಲಸದಿಂದ ಓಡಿ ಬಂದು ಅವಳನ್ನು ಪಶುವೈದ್ಯರ ಹತ್ತಿರ ಕರೆದೊಯ್ದ. ನಾನೂ ಜೊತೆಗೆ ಹೋದೆ. ಹೊನ್ನಿ ಅಷ್ಟು ಹೊತ್ತಿಗೆ ಬಾಲ ಆಡಿಸುತ್ತಿದ್ದಳು. ವಾಪಸ್ಸು ಹೋಗೋಣ ಎಂದು ನನಗನ್ನಿಸಿತು. ವೈದ್ಯೆ ಒಪ್ಪಲಿಲ್ಲ. ಶ್ವಾಸಕೋಶದೊಳಗೆ ಸ್ವಲ್ಪ ನೀರು ಹೋಗಿದ್ದರೂ ಅದು ಒಳಗೊಳಗೇ ಬಾವು ಎಬ್ಬಿಸಿ, ಕೆಲವು ಗಂಟೆಗಳ ನಂತರ ಉಸಿರು ಕಟ್ಟಿಸಬಹುದು, ಹಾಗಾಗಿ ಚೆನ್ನಾಗಿ ಕಂಡರೂ ಒಂದು ರಾತ್ರಿ ಕಣ್ಣೆದುರಿಗೆ ಇಟ್ಟುಕೊಳ್ಳಬೇಕು ಎಂದು ವಿವರಿಸಿದರು. ನೀರಿನಿಂದ ಎತ್ತಿದ ನಾಯಿಗೆ ಉಸಿರೇ ಇಲ್ಲದಿದ್ದರೆ ಏನು ಮಾಡಬೇಕೆಂದೂ ತೋರಿಸಿಕೊಟ್ಟರು. ಮೊದಲು ಬಾಯಿ, ಗಂಟಲಲ್ಲಿ ಏನೂ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಮಗ್ಗುಲಾಗಿ ಮಲಗಿಸಿ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಎದೆಯನ್ನು 30 ಸಲ ಒತ್ತಬೇಕು. ಆಮೇಲೆ ಬಾಯಿ ಮುಚ್ಚಿ ಹಿಡಿದು, ಮೂಗಿನ ಮೂಲಕ ಎರಡು ಸಲ ಉಸಿರು ಊದಬೇಕು. ಹೀಗೇ ಮುಂದುವರಿಸುತ್ತ ಆಸ್ಪತ್ರೆಗೆ ಹೊರಡಬೇಕು. ನನ್ನ ಕೈಯನ್ನೇ ಒಂದು ಗೊಂಬೆಯ ಎದೆಯ ಮೇಲಿಟ್ಟು ಅವರು ಕಲಿಸಿದ್ದು ಇನ್ನೂ ಮರೆತಿಲ್ಲ.

ಮಗನಾಗಲಿ ಸೊಸೆಯಾಗಲಿ ಕುರ್ಚಿಯ ಮಾತೆತ್ತಲಿಲ್ಲ. ರಾತ್ರಿ ನಾನೇ ಎತ್ತಿದೆ. "ನಾನು ಗೇಟಿಗೆ ಕುರ್ಚಿ ಕೊಟ್ಟಿದ್ದೆ ಕಣಪ್ಪ. ಇವತ್ತು ಹೊನ್ನಿ, ನಾಳೆ ಮಗು ಆಗಿದ್ರೆ?" ಎಂದೆ. ಮಗ ನನ್ನ ಪಕ್ಕ ಕೂತು, "ನಾನೂ ತಪ್ಪು ಮಾಡಿದೀನಮ್ಮ. ಈಜು ಬರುತ್ತೆ ಅಂದ್ಕೊಂಡು, ಮೆಟ್ಟಿಲು ಎಲ್ಲಿದೆ ಅಂತ ಅವಳಿಗೆ ತೋರಿಸೇ ಇರಲಿಲ್ಲ" ಎಂದ.

ಆ ಮಾತಿಗೆ ನನಗೆ ಊರಿನ ರಾಜ ನೆನಪಾದ.

2015ರಲ್ಲಿ ನನ್ನ ತಮ್ಮ ತೆಂಗಿನ ತೋಟದ ಮೇಲುಗಡೆ ಕೃಷಿ ಹೊಂಡ ತೆಗೆಸಿದ. ಹಿಂದಿನ ವರ್ಷವಷ್ಟೇ ಕೃಷಿ ಭಾಗ್ಯ ಯೋಜನೆ ಶುರುವಾಗಿತ್ತು. ಮಳೆ ಕೈಕೊಟ್ಟು, ಬೋರ್‌ವೆಲ್ ಬತ್ತಿ, ತೆಂಗಿನ ಸುಳಿ ಒಣಗುತ್ತಿದ್ದ ಕಾಲ. ಹೊಂಡದಲ್ಲಿ ನಿಂತ ಮಳೆನೀರು ನಮ್ಮ ತೋಟವನ್ನು ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ನೀರು ಇಂಗದಂತೆ ಒಳಗೆಲ್ಲ ಕಪ್ಪು ಪಾಲಿಥೀನ್ ಹಾಳೆ ಹೊದಿಸಿದ್ದರು. ಸುತ್ತ ತಂತಿ ಬೇಲಿ ಹಾಕಬೇಕೆಂದು ತಮ್ಮ ಕಲ್ಲುಕಂಬ ತಂದು ರಾಶಿ ಹಾಕಿಸಿದ್ದ. ಕೊಬ್ಬರಿ ಮಾರಿದ ದುಡ್ಡು ಬರಲಿ ಎಂದು ಕಾದ. ಒಂದು ಬೆಳಿಗ್ಗೆ ನೋಡಿದರೆ ರಾಜ ಹೊಂಡದಲ್ಲಿ ತೇಲುತ್ತಿದ್ದ. ನಾಟಿ ನಾಯಿ, ಮೂರು ವರ್ಷದ ಗಟ್ಟಿಮುಟ್ಟಾದ ನಾಯಿ. ನೀರು ಕುಡಿಯಲು ಬಗ್ಗಿ ಜಾರಿರಬೇಕು. ಕಪ್ಪು ಹಾಳೆಯ ಮೇಲೆ ಒಂದೇ ಕಡೆ, ಒಂದು ಮೊರದಷ್ಟು ಜಾಗದಲ್ಲಿ ಉಗುರಿನ ಗೀರುಗಳು ಒಂದರ ಮೇಲೊಂದು ಬಿದ್ದಿದ್ದವು. "ಅವನಿಗೆ ಈಜು ಬರ್ತಿತ್ತಲ್ಲಕ್ಕ" ಎಂದು ತಮ್ಮ ಏರಿಯ ಮೇಲೆ ಕೂತು ಅತ್ತ. ನನಗೂ ಆಗ ಅರ್ಥವಾಗಿರಲಿಲ್ಲ.

ಏಕೆಂದರೆ ನಾವು ಕೆರೆಯ ಕಾಲದವರು. ಅರಸೀಕೆರೆ ಎನ್ನುವ ಹೆಸರಿನಲ್ಲೇ ಕೆರೆ ಇದೆ. ನಾನು ಚಿಕ್ಕವಳಿದ್ದಾಗ ಮನೆಯಲ್ಲಿದ್ದ ಕರಿಯ ಎಂಬ ನಾಯಿ, ಎಮ್ಮೆಗಳ ಜೊತೆ ತಾನೂ ಕೆರೆಗೆ ಬೀಳುತ್ತಿತ್ತು. ಮನಸ್ಸಾದಷ್ಟು ಹೊತ್ತು ಈಜಿ, ಎಲ್ಲಿ ಬೇಕೋ ಅಲ್ಲಿ ಎದ್ದು ಬಂದು, ಬಟ್ಟೆ ಒಗೆಯುವವರ ಮೈಮೇಲೆಲ್ಲ ನೀರು ಕೊಡವುತ್ತಿತ್ತು. ಕೆರೆಯ ದಡ ನಿಧಾನವಾಗಿ ಇಳಿಜಾರು. ಹೊರಗೆ ಬರುವ ನಾಯಿಗೆ ನೀರಿನೊಳಗೇ ಹಿಂಗಾಲಿಗೆ ನೆಲ ಸಿಗುತ್ತದೆ. ನಾಯಿ ಯಾವುದನ್ನೇ ಹತ್ತುವುದಿದ್ದರೂ ಹಿಂಗಾಲು ಊರಿ ಮೈಯನ್ನು ಮೇಲಕ್ಕೆ ನೂಕಬೇಕು. ಈಜುಕೊಳದ ನೇರ ಗೋಡೆಯ ಪಕ್ಕ ಹಿಂಗಾಲಿಗೆ ನೆಲವಿಲ್ಲ. ಪ್ಲಾಸ್ಟಿಕ್ ಹೊದಿಸಿದ ಹೊಂಡದಲ್ಲಿ ಇಳಿಜಾರು ಇದ್ದರೂ ಹಿಡಿತವಿಲ್ಲ. ಎರಡರಲ್ಲೂ ನಾಯಿ ಮುಳುಗುವುದು ಸುಸ್ತಿನಿಂದ. ಬಿದ್ದ ಜಾಗದಲ್ಲೇ, ಇಲ್ಲವೇ ಮನೆಯವರ ದನಿ ಬಂದ ದಿಕ್ಕಿನಲ್ಲೇ ಗೋಡೆ ಕೆರೆಯುತ್ತ ಕೆರೆಯುತ್ತ ಅದು ಸೋಲುತ್ತದೆ.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವಳು. ಮಕ್ಕಳನ್ನು ಪ್ರವಾಸಕ್ಕೆ ಹಂಪಿಗೆ ಕರೆದೊಯ್ದಾಗಲೆಲ್ಲ, ರಾಜಾಂಗಣದ ಕಪ್ಪುಕಲ್ಲಿನ ಪುಷ್ಕರಣಿ ತೋರಿಸಿ ಅದರ ಮೆಟ್ಟಿಲುಗಳ ಚೆಲುವನ್ನು ವರ್ಣಿಸುತ್ತಿದ್ದೆ. ಆ ರಾತ್ರಿ ಹೊನ್ನಿಯಿಲ್ಲದ ಮನೆಯಲ್ಲಿ ನಿದ್ದೆ ಬಾರದೆ ಮಲಗಿದ್ದಾಗ, ಅದನ್ನು ಬೇರೆ ಕಣ್ಣಿಂದ ನೋಡಿದೆ. ನಾಲ್ಕು ಕಡೆಯಿಂದಲೂ ಮೆಟ್ಟಿಲು. ಮನುಷ್ಯನೋ ಕರುವೋ ನಾಯಿಯೋ, ಯಾರು ಎಲ್ಲಿ ಬಿದ್ದರೂ ಎದುರಿಗೇ ಒಂದು ಮೆಟ್ಟಿಲಿದೆ. ಮಗನ ಮನೆಯ ಕೊಳದಲ್ಲಿ ಮೆಟ್ಟಿಲಿರುವುದು ಒಂದು ಮೂಲೆಯಲ್ಲಿ ಮಾತ್ರ. ಆ ಮೂಲೆ ನೀರಿನಲ್ಲಿರುವ ನಾಯಿಯ ಕಣ್ಣಿಗೆ ಕಾಣುವುದಿಲ್ಲ, ಮೆಟ್ಟಿಲುಗಳು ನೀರಿನಡಿ ಇರುತ್ತವೆ. ಅದನ್ನು ನಾವೇ ಕಲಿಸಬೇಕು.

ಹೊನ್ನಿ ಮರುದಿನ ಮಧ್ಯಾಹ್ನ ಮನೆಗೆ ಬಂದಳು. ಹತ್ತು ದಿನ ಬಿಟ್ಟು ಪಾಠ ಶುರುವಾಯಿತು. ಬೆನ್ನ ಮೇಲೆ ಹಿಡಿಕೆಯಿರುವ ನಾಯಿಗಳ ಲೈಫ್ ಜಾಕೆಟ್ ತಂದರು. ಸೂಟ್‌ಕೇಸ್ ಎತ್ತಿದಂತೆ ನಾಯಿಯನ್ನು ಎತ್ತಬಹುದು. ಅವಳನ್ನು ನೀರಿಗೆ ನೂಕಬಾರದು, ಎಸೆಯಬಾರದು ಎಂಬುದು ಮೊದಲ ನಿಯಮ. ಹೆದರಿದ ಪ್ರಾಣಿ ಏನನ್ನೂ ಕಲಿಯುವುದಿಲ್ಲ, ಇದು ಶಾಲೆಯಲ್ಲೂ ಸತ್ಯ. ಮಗ ಅವಳ ಜೊತೆ ನೀರಿಗಿಳಿಯುತ್ತಿದ್ದ, ನಾನು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದೆ. ಮೊದಲ ದಿನ ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಿ, ಹೊರಗೆ ಬಂದರೆ ಒಂದು ಚೂರು ಬೇಯಿಸಿದ ಕೋಳಿ. ಆಮೇಲೆ ಎರಡು ಅಡಿ ದೂರದಿಂದ ತಿರುಗಿಸಿ ಮೆಟ್ಟಿಲಿಗೆ. ನಂತರ ಐದು ಅಡಿ, ಹತ್ತು ಅಡಿ. ಬಲಗಡೆಯಿಂದ, ಎಡಗಡೆಯಿಂದ, ಕೊನೆಗೆ ಆಳದ ಕಡೆಯಿಂದ. ಒಂದು ಸಲಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚಿಲ್ಲ. ಅವಳು ಸುಸ್ತಾಗುವ ಮೊದಲೇ ನಿಲ್ಲಿಸುತ್ತಿದ್ದೆವು.

ಕಣ್ಣು ಚೆನ್ನಾಗಿರುವ ನಾಯಿಗಾದರೆ ಮೆಟ್ಟಿಲ ಪಕ್ಕ ದೊಡ್ಡದೊಂದು ಹಳದಿ ಕುಂಡವಿಟ್ಟರೆ ಗುರುತಾಗುತ್ತದೆ. ನಾಯಿಗೆ ಹಳದಿ, ನೀಲಿ ಬಣ್ಣಗಳು ಕಾಣುವಷ್ಟು ಸ್ಪಷ್ಟವಾಗಿ ಕೆಂಪು, ಹಸಿರು ಕಾಣುವುದಿಲ್ಲ. ಹೊನ್ನಿಗೆ ಕಣ್ಣಿನ ಗುರುತು ಸಾಲದು. ಅವಳಿಗೆ ಕಿವಿಯ ಗುರುತು ಬೇಕಿತ್ತು. ಅದಕ್ಕೆ ನಾನು ಪ್ರತಿ ಸಲವೂ ಒಂದೇ ಪದ, ಒಂದೇ ರಾಗದಲ್ಲಿ ಹೇಳುತ್ತಿದ್ದೆ: "ಮೆಟ್ಲೂ... ಮೆಟ್ಲೂ..." ಹನ್ನೆರಡು ವರ್ಷ ಇಂಗ್ಲಿಷಿನ ಅಪ್ಪಣೆಗಳನ್ನೇ ಕೇಳಿ ಬೆಳೆದ ನಾಯಿ ಮೂರು ವಾರದಲ್ಲಿ ಆ ಕನ್ನಡ ಪದ ಕಲಿತಳು. ಅಡುಗೆಮನೆಯಲ್ಲಿ ಮಲಗಿದ್ದಾಗ "ಮೆಟ್ಲು" ಎಂದರೂ ಕಿವಿ ನಿಮಿರುತ್ತಿತ್ತು. ನಾಲ್ಕು ವರ್ಷದ ಮೊಮ್ಮಗನಿಗೂ ಅದನ್ನೇ ಕಲಿಸಿದೆವು. ಹೊನ್ನಿ ನೀರಿಗೆ ಬಿದ್ದರೆ ಅವಳ ಹತ್ತಿರ ಹೋಗಬೇಡ, ನೀರಿಗಿಳಿಯಬೇಡ, ದೊಡ್ಡವರನ್ನು ಕೂಗು, ಬೇಲಿಯ ಈಚೆ ಮೆಟ್ಟಿಲ ಕಡೆ ನಿಂತು "ಮೆಟ್ಲು" ಅನ್ನು.

ಪಾದಕ್ಕೂ ಒಂದು ಗುರುತು ಮಾಡಿದೆವು. ಕುರುಡು ನಾಯಿ ನೆಲವನ್ನು ಅಂಗಾಲಿನಿಂದ ಓದುತ್ತದೆ. ಕೊಳದ ಅಂಚಿನಿಂದ ಮೂರಡಿ ಈಚೆಗೆ ಸುತ್ತಲೂ ಒರಟು ರಬ್ಬರ್ ಚಾಪೆ ಹಾಸಿದೆವು. ಅದು ಕಾಲಿಗೆ ತಾಗಿದ ಕೂಡಲೇ ನಿಲ್ಲುವುದನ್ನು ಹಗ್ಗ ಹಿಡಿದು ಕಲಿಸಿದೆವು. ಆಳದ ತುದಿಗೆ ನೀರಿನೊಳಕ್ಕೆ ಇಳಿಯುವ ಪ್ಲಾಸ್ಟಿಕ್ ಇಳಿಜಾರೊಂದನ್ನು ಮಗ ಕಟ್ಟಿದ. ಅದನ್ನು ಹತ್ತುವುದನ್ನೂ ಕಲಿಸಬೇಕಾಯಿತು. ಕಲಿಸದಿದ್ದರೆ ನಾಯಿಗೆ ಅದೂ ಒಂದು ಗೋಡೆಯೇ.

ಕೊಳದ ಮೇಲೆ ತೇಲುವ ಗುಳ್ಳೆಗುಳ್ಳೆಯ ನೀಲಿ ಹಾಳೆ ಇತ್ತು. ನೀರು ಬೆಚ್ಚಗಿರಲಿ, ಆವಿಯಾಗದಿರಲಿ ಎಂದು ಚಳಿಗಾಲದಲ್ಲಿ ಹೊದಿಸುವುದು. ಕೊಳ ಮುಚ್ಚಿದೆ, ಇನ್ನು ಭಯವಿಲ್ಲ ಎಂದು ನಾನು ಅದನ್ನು ಕಂಡಾಗ ಅಂದುಕೊಂಡಿದ್ದೆ. ತೆರೆದ ನೀರಿಗಿಂತ ಅದೇ ಹೆಚ್ಚು ಅಪಾಯ. ನಾಯಿ ಅದನ್ನು ನೆಲವೆಂದುಕೊಂಡು ಕಾಲಿಡುತ್ತದೆ, ಹಾಳೆ ಕುಸಿದು ಮೈಗೆ ಸುತ್ತಿಕೊಳ್ಳುತ್ತದೆ, ಅಡಿಗೆ ಹೋದರೆ ಮೇಲೆ ಬರಲು ತೆರಪು ಸಿಗುವುದಿಲ್ಲ, ಹೊರಗಿನವರಿಗೆ ಕಾಣುವುದೂ ಇಲ್ಲ. ಮಗ ಅದನ್ನು ತೆಗೆಸಿ, ಅಂಚಿನ ಕಲ್ಲಿಗೆ ಕೊಂಡಿಗಳಿಂದ ಬಿಗಿದು ಕಟ್ಟುವ, ಭಾರ ತಡೆಯುವ ಗಟ್ಟಿ ಬಲೆಯ ಹೊದಿಕೆ ಹಾಕಿಸಿದ.

ಬೇಲಿಯನ್ನೂ ಇನ್ನೊಮ್ಮೆ ನೋಡಿದೆವು. ಕಾನೂನು ಸರಳುಗಳ ನಡುವೆ 4 ಅಂಗುಲದವರೆಗೆ ಸಂದು ಬಿಡಲು ಒಪ್ಪುತ್ತದೆ. ಮಗುವಿನ ತಲೆ ಅದರಲ್ಲಿ ತೂರುವುದಿಲ್ಲ, ಆದರೆ ಪುಟ್ಟ ನಾಯಿಮರಿ ನುಸುಳಬಹುದು. ಕೆಳಗಿನ ಒಂದೂವರೆ ಅಡಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದೆವು. ಆ ಕುರ್ಚಿಯನ್ನು ನಾನೇ ಗ್ಯಾರೇಜಿಗೆ ಹಾಕಿ ಬಂದೆ. ಸಂಡಿಗೆಗೆ ಮಗ ಬೇಲಿಯ ಈಚೆಗೆ ಒಂದು ಎತ್ತರದ ಮೇಜು ಮಾಡಿಕೊಟ್ಟ.

ಬೇಸಿಗೆ ಬಂದಾಗ ಇನ್ನೊಂದು ಪಾಠ. ಫೀನಿಕ್ಸ್‌ನಲ್ಲಿ 43 ಡಿಗ್ರಿ ಸೆಲ್ಸಿಯಸ್ ಎಂದರೆ ಜುಲೈ ತಿಂಗಳ ಸಾಮಾನ್ಯ ದಿನ. ಕೊಳದ ಸುತ್ತಲ ಕಲ್ಲು ಕಾದ ಹೆಂಚಿನಂತಿರುತ್ತದೆ. ಕೈಯ ಹಿಂಬದಿಯನ್ನು ಊರಿ ಏಳು ಎಣಿಸುವಷ್ಟು ಹೊತ್ತು ತಡೆಯಲಾಗದಿದ್ದರೆ ನಾಯಿಯನ್ನು ಅಲ್ಲಿ ನಡೆಸಬಾರದು. ಬಾಯಾರಿದ ನಾಯಿ ಕೊಳಕ್ಕೇ ಬಗ್ಗುತ್ತದೆ, ರಾಜ ಬಗ್ಗಿದ ಹಾಗೆ. ಆದ್ದರಿಂದ ನೆರಳಿನಲ್ಲಿ ಮೂರು ಕಡೆ ಕುಡಿಯುವ ನೀರಿನ ಬಟ್ಟಲಿಟ್ಟೆವು. ನಾಯಿಗೆ ಈಜಿನಷ್ಟೇ ಮುಖ್ಯವಾದ ಕಾವಲು ಆ ಬಟ್ಟಲು. ಕೊಳದ ನೀರು ಒಂದೆರಡು ಗುಟುಕು ಹೋದರೆ ದೊಡ್ಡ ತೊಂದರೆಯಿಲ್ಲ. ಕ್ಲೋರಿನ್ ಮಾತ್ರೆಗಳ ಡಬ್ಬ ಮಾತ್ರ ಬೀಗ ಹಾಕಿದ ಕಪಾಟಿನಲ್ಲೇ ಇರಬೇಕು. ನೀರಿನಿಂದ ಬಂದ ಮೇಲೆ ಸಿಹಿನೀರಲ್ಲಿ ಮೈತೊಳೆದು ಕಿವಿ ಒರೆಸುವುದು ನನ್ನ ಕೆಲಸವಾಗಿತ್ತು. ಅವಳು ಕಣ್ಣು ಮುಚ್ಚಿ ಒರೆಸಿಸಿಕೊಳ್ಳುತ್ತಿದ್ದಳು.

ಹೊನ್ನಿ ಮತ್ತೊಮ್ಮೆ ನೀರಿಗೆ ಬಿದ್ದದ್ದು ನಾನು ಊರಿಗೆ ಮರಳಿದ ಮೇಲೆ. ತೋಟಗಾರಿಕೆಗೆ ಬಂದವರು ಗೇಟು ತೆರೆದು ಒಳಗೆ ಹೋದಾಗ ಅವಳೂ ಹಿಂದೆಯೇ ನುಗ್ಗಿದ್ದಳಂತೆ. ಸೊಸೆ ಮೆಟ್ಟಿಲ ಕಡೆಗೆ ಓಡಿ ಆ ಪದ ಕೂಗುವುದರೊಳಗೆ ಹೊನ್ನಿ ಅರ್ಧ ದಾರಿ ಬಂದಿದ್ದಳು. ಫೋನಿನಲ್ಲಿ ಅದನ್ನು ಹೇಳುವಾಗ ಸೊಸೆಯ ಗಂಟಲು ಕಟ್ಟಿತ್ತು. ಹೊನ್ನಿ ತೀರಿಕೊಂಡದ್ದು 2020ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ತನ್ನ ಹಾಸಿಗೆಯ ಮೇಲೆ.

ಮರುವರ್ಷ ಮೊಮ್ಮಗನ ಹಟಕ್ಕೆ ಪಗ್ ಮರಿಯೊಂದು ಬಂತು, ಹೆಸರು ಗುಂಡ. ಅವನಿಗೆ ಮೆಟ್ಟಿಲ ಪಾಠ ಸಾಲದು. ಮೂತಿ ಚಪ್ಪಟೆ, ಎದೆ ಭಾರ, ಕಾಲು ಗಿಡ್ಡ. ಮೂಗು ನೀರಿನ ಮೇಲಿಡಲು ತಲೆ ಎತ್ತಿದರೆ ಹಿಂಭಾಗ ಮುಳುಗುತ್ತದೆ. ಪಗ್, ಬುಲ್‌ಡಾಗ್, ಡ್ಯಾಶ್‌ಹಂಡ್‌ಗಳಂಥ ನಾಯಿಗಳಿಗೆ ನಾಯಿಯೆಂದ ಮಾತ್ರಕ್ಕೆ ಈಜು ಬರುತ್ತದೆ ಎಂದು ನಂಬಬಾರದು. ಗುಂಡನಿಗೆ ಬೇಲಿಯೇ ಗೆರೆ. ಒಳಗೆ ಹೋಗುವುದಿದ್ದರೆ ಜಾಕೆಟ್ ಹಾಕಿ, ಕೈಯಲ್ಲಿ ಹಗ್ಗ ಹಿಡಿದು ಮಾತ್ರ.

2018ರ ಕೊನೆಯಲ್ಲಿ ಊರಿಗೆ ಬಂದವಳೇ ತಮ್ಮನನ್ನು ಹೊಂಡದ ಹತ್ತಿರ ಕರೆದೊಯ್ದೆ. ರಾಜ ಹೋದ ವಾರವೇ ಅವನು ತಂತಿ ಬೇಲಿ ಹಾಕಿಸಿದ್ದ. ಈಗ ಕೃಷಿ ಭಾಗ್ಯದಲ್ಲಿ ಬೇಲಿಗೂ ಸಹಾಯಧನವಿದೆ, ಯಾರೂ ಅದನ್ನು ನಾಳೆಗೆ ಮುಂದೂಡಬಾರದು. ಆದರೆ ಬೇಲಿಯೊಂದೇ ಸಾಲದು, ಒಳಗೆ ಬಿದ್ದವರಿಗೆ ದಾರಿ ಬೇಕು ಎಂದೆ. ತಮ್ಮ ನನ್ನ ಮಾತು ಮುಗಿಯುವವರೆಗೂ ನೀರನ್ನೇ ನೋಡುತ್ತ ನಿಂತಿದ್ದ. "ಅಕ್ಕ, ನಮ್ಮತ್ರ ಇಲ್ಲದ್ದು ನಾರಾ?" ಎಂದ. ಒಂದು ವಾರದಲ್ಲಿ ತೆಂಗಿನ ನಾರಿನ ದಪ್ಪ ಹಗ್ಗ ತರಿಸಿ, ನಾಲ್ಕಡಿ ಅಗಲದ ಬಲೆಗಳನ್ನು ಹೆಣೆಸಿದ. ಮೇಲಿನ ತುದಿಯನ್ನು ಕಲ್ಲುಕಂಬಕ್ಕೆ ಬಿಗಿದು, ಹಾಳೆ ಹರಿಯದಂತೆ ಕೆಳತುದಿಗೆ ಕಲ್ಲಿನ ಬದಲು ಮರಳು ತುಂಬಿದ ಚೀಲ ಕಟ್ಟಿ, ಹೊಂಡದೊಳಕ್ಕೆ ಇಳಿಬಿಟ್ಟ. ಒಂದು ಕಡೆ ಹಾಕಿದರೆ ಸಾಕಲ್ಲ ಎಂದು ಆಳುಮಗ ಕೇಳಿದಾಗ, "ನಾಲ್ಕು ಕಡೆಗೂ ಹಾಕಪ್ಪ" ಎಂದ.

ನಾರು ನೀರಲ್ಲಿ ಕೊಳೆಯುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ತಮ್ಮ ತಪ್ಪಿಸಿಲ್ಲ. 2021ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವನು ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಬೇಲಿಯ ಕೆಳಗೆ ಮಣ್ಣು ಕೊಚ್ಚಿಹೋಗಿ ಒಂದು ಸಂದಾಗಿತ್ತು. ಪಡುವಣ ದಿಕ್ಕಿನ ಬಲೆಯ ಮೇಲೆ ಕೆಸರು ಮೆತ್ತಿತ್ತು. ಅಲ್ಲಿಂದ ಏರಿಯ ಒದ್ದೆ ಮಣ್ಣಿನಲ್ಲಿ ನಾಯಿಯ ಹೆಜ್ಜೆಗಳು ಸಾಲಾಗಿ ತೆಂಗಿನ ಮರಗಳ ಕಡೆಗೆ ಹೋಗಿದ್ದವು. ಯಾವ ನಾಯಿಯೋ, ಯಾರ ಮನೆಯದೋ ತಿಳಿಯಲಿಲ್ಲ.